ಗೊತ್ತಪ್ಪನಿಗೆ ಕೇಳಿಸಿದ ದಿನ

ಹುಟ್ಟಿದಾಗ ಇಡುವ ಹೆಸರು ಒಂದು, ಬದುಕಿ ಸಂಪಾದಿಸುವ ಹೆಸರು ಇನ್ನೊಂದು. ಕನ್ನಡಕದ ಅಂಗಡಿಯ ಈ ಮಹಾಶಯ ಸಂಪಾದಿಸಿದ್ದು ಗೊತ್ತಪ್ಪ ಎಂಬ ಹೆಸರನ್ನು. ಯಾರು ಬಾಯಿ ತೆರೆದರೂ, ಮಾತು ತುಟಿ ದಾಟುವ ಮೊದಲೇ ‘ಗೊತ್ತು, ಗೊತ್ತು’ ಎಂದು ಕೈಯಾಡಿಸಿಬಿಡುತ್ತಿದ್ದ. ಕಣ್ಣು ಮಂಜು ಎಂದು ಅಂಗಡಿಗೆ ಬಂದವರಿಗೂ ಅದೇ ಪೂಜೆ. ಅವನು ಕೊಟ್ಟ ಕನ್ನಡಕ ಹಾಕಿಕೊಂಡು ಮೆಟ್ಟಿಲು ತಪ್ಪಿ ಬಿದ್ದವರಿದ್ದಾರೆ. ತಪ್ಪು ಮೆಟ್ಟಿಲಿನದು ಎಂಬುದೂ ಅವನಿಗೆ ಗೊತ್ತಿತ್ತು.

ಇಂಥವನು ತಾನಿದ್ದ ಕಟ್ಟಡದ ನಿವಾಸಿಗಳ ಸಂಘಕ್ಕೆ ಅಧ್ಯಕ್ಷ. ಅದೇನು ಸಿಂಹಾಸನವಲ್ಲ. ನೀರಿನ ತೊಟ್ಟಿ ತೊಳೆಸಬೇಕು, ಲಿಫ್ಟ್ ನಿಂತರೆ ಬೈಸಿಕೊಳ್ಳಬೇಕು, ಅಷ್ಟೇ. ಆದರೆ ಬಾಗಿಲಿಗೆ ‘ಅಧ್ಯಕ್ಷರು’ ಎಂದು ಕೆತ್ತಿದ ಹಿತ್ತಾಳೆಯ ಫಲಕವೊಂದಿತ್ತು. ದಿನಾ ಬೆಳಿಗ್ಗೆ ಅದರ ಮೇಲೆ ಹಾ ಎಂದು ಉಸಿರು ಬಿಟ್ಟು, ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದ ಉಜ್ಜುತ್ತಿದ್ದ. ಹೆಂಡತಿಯ ಮುಖವನ್ನು ಅವನು ಅಷ್ಟು ಹತ್ತಿರದಿಂದ ನೋಡಿ ವರ್ಷಗಳಾಗಿದ್ದವು.

ಮನೆಗಳ ಮಾಲೀಕರಲ್ಲಿ ಅರ್ಧ ಜನ ಬೇರೆ ಬೇರೆ ಊರುಗಳಲ್ಲಿದ್ದರು. ಹಾಗಾಗಿ ಸಂಘದ ಸಭೆಯೆಲ್ಲ ವಿಡಿಯೊ ಕಾಲ್‌ನಲ್ಲೇ. ಗೊತ್ತಪ್ಪನ ಲ್ಯಾಪ್‌ಟಾಪಿಗೆ ವಯಸ್ಸಾಗಿತ್ತು. ಅದರ ಮುಚ್ಚಳ ತಾನಾಗಿ ನಿಲ್ಲುತ್ತಿರಲಿಲ್ಲ, ಹಿಂದುಗಡೆ ಸಕ್ಕರೆ ಡಬ್ಬಿಯ ಒತ್ತು ಕೊಡಬೇಕಿತ್ತು. ಆದರೂ ಅದರ ಮೇಲೆ ಅವನಿಗಿದ್ದ ಜಂಬ ಹೊಸ ಅಳಿಯನ ಮೇಲೆ ಅತ್ತೆಗಿರುವ ಜಂಬದಂಥದು. ಏಕೆಂದರೆ ಅದನ್ನು ನಡೆಸುತ್ತಿದ್ದದ್ದು ಎಲ್ಲರ ಕಂಪ್ಯೂಟರಿನ ತಂತ್ರಾಂಶವಲ್ಲ, ಪಂಡಿತರು ಬಳಸುವ ಲಿನಕ್ಸ್. ಮೌಸಿನಿಂದ ಕಂಡಕಂಡಲ್ಲಿ ಒತ್ತಿ ಕೆಲಸ ಮಾಡಿಸಿಕೊಳ್ಳುವವರು ಕುರಿಗಳು, ಕಪ್ಪು ಪರದೆಯಲ್ಲಿ ಕಮಾಂಡ್ ಬರೆಯುವವನು ಕುರುಬ ಎಂದು ಅಂಗಡಿಗೆ ಬಂದವರಿಗೆಲ್ಲ ಉಪದೇಶ. ನಿಜ ಹೇಳಬೇಕೆಂದರೆ ಆ ಲಿನಕ್ಸ್ ಬಡಪಾಯಿ ನಿಯತ್ತಿನಿಂದಲೇ ದುಡಿಯುತ್ತಿತ್ತು. ಕಾಲ್ ಶುರುವಾದರೆ ಮಾತ್ರ ಫ್ಯಾನು ಗಿರಣಿಯಂತೆ ಮೊರೆಯುತ್ತಿತ್ತು, ಅಧ್ಯಕ್ಷರ ಮಾತು ಹರಿದ ಚಾಪೆಯಂತೆ ಚೂರುಚೂರಾಗಿ ಹೋಗುತ್ತಿತ್ತು. ಅತ್ತಲಿನ ಮಾತೂ ಇವನಿಗೆ ಹತ್ತರಲ್ಲಿ ಎರಡು. ನಡುನಡುವೆ ಚಿತ್ರವೇ ನಿಂತುಬಿಡುತ್ತಿತ್ತು, ಬಾಯಿ ಅರ್ಧ ತೆರೆದುಕೊಂಡು.

ವಾರ್ಷಿಕ ಸಭೆ ಹತ್ತಿರವಾಯಿತು. ಅಧ್ಯಕ್ಷರ ಆಯ್ಕೆಯೂ ಅಂದೇ. ಎರಡನೇ ಅಂತಸ್ತಿನ ಹಲ್ಲಿನ ಡಾಕ್ಟರು ಒಂದು ಸಂಜೆ ಮೆಟ್ಟಿಲ ಮೇಲೆ ಎದುರಾದರು.

“ಅಧ್ಯಕ್ಷರೇ, ಈ ಸಲವೂ ನಿಮ್ಮ ಧ್ವನಿ ಹೀಗೇ ಹರಕೊಂಡು ಬಂದ್ರೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ” ಎಂದು ನಕ್ಕು, ಇಳಿದು ಹೋದರು.

ಗೊತ್ತಪ್ಪ ಅಭ್ಯಾಸಬಲದಿಂದ ‘ಗೊತ್ತು’ ಎಂದ. ಮನೆ ಬಾಗಿಲಿಗೆ ಬಂದು ಫಲಕ ಮುಟ್ಟಿ ನೋಡಿದ. ಅದು ಯಾಕೋ ತಣ್ಣಗಿತ್ತು.

ಅಂದಿನಿಂದ ರಿಪೇರಿ ಪರ್ವ. ಮೊದಲ ಬೈಗುಳ ಇಂಟರ್ನೆಟ್ ಕಂಪನಿಯ ಲೈನ್‌ಮನ್‌ಗೆ. ಅವನು ಬಂದು, ತನ್ನ ಫೋನಿನಲ್ಲಿ ವೇಗ ಅಳೆದು ತೋರಿಸಿ, ಲೈನು ಕುದುರೆಯಂತಿದೆ, ನಿಮ್ಮ ಗಾಡಿ ನೋಡಿಕೊಳ್ಳಿ ಎಂದು ಹೋದ. ಆಮೇಲೆ ಗೊತ್ತಪ್ಪ ಗೋಡೆಯ ತಪ್ಪು ಎಂದು ರೌಟರನ್ನು ಬೀರುವಿನ ನೆತ್ತಿಗೆ ಏರಿಸಿದ. ಪಕ್ಕದ ಮನೆಯ ವೈಫೈ ತಪ್ಪು ಎಂದು ಅವರ ಬಾಗಿಲು ತಟ್ಟಿ ಜಗಳ ಕಾಯ್ದ. ಅಡುಗೆಮನೆಯ ಮಿಕ್ಸಿಯೂ ಆರೋಪಿಯ ಕಟಕಟೆ ಹತ್ತಿ ಬಂತು. ಕುಣಿಯಲಾರದವಳಿಗೆ ನೆಲವೊಂದೇ ಡೊಂಕಾಗಿತ್ತು. ಇವನಿಗೆ ಗೋಡೆ, ಸೂರು, ನೆರೆಹೊರೆ ಎಲ್ಲವೂ ಡೊಂಕು.

ತಂತಿಯಿಲ್ಲದ ಹೆಡ್‌ಸೆಟ್ ತಂದ. ಹಾಡು ಕೇಳುವಾಗ ಜೇನು. ಕಾಲ್‌ನಲ್ಲಿ ಅದರ ಮೈಕು ತೆರೆದುಕೊಂಡ ಕೂಡಲೇ ಎಲ್ಲರೂ ಬಾವಿಯೊಳಗಿಂದ ಮಾತಾಡಿದ ಹಾಗೆ. ಹೋಗುವ ಮಾತು, ಬರುವ ಮಾತು ಎರಡನ್ನೂ ಒಂದೇ ಕಿರಿದಾದ ಓಣಿಯಲ್ಲಿ ತುರುಕಬೇಕಾದ್ದರಿಂದ ಆ ಯಂತ್ರ ಸದ್ದನ್ನೇ ಹಿಂಡಿ ಸಪ್ಪೆ ಮಾಡುತ್ತಿತ್ತು. ಅಂಗಡಿಯವನು ಮೋಸ ಮಾಡಿದ ಎಂದು ಅವನಿಗೂ ಒಂದು ಪಾಲು ಬೈಗುಳ.

ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು, ಸದ್ದಿಲ್ಲದೆ ಇರುವುದನ್ನೇ ಕಸುಬು ಮಾಡಿಕೊಂಡವಳು. ಇಷ್ಟೂ ದಿನ ನೋಡಿ ನೋಡಿ ಕೊನೆಗೊಮ್ಮೆ ಬಾಯಿಬಿಟ್ಟಳು.

“ರೀ, ಅದನ್ನ ಮಂಚದ ಮೇಲೆ ದಿಂಬು ಹಾಕಿ ಕೂರಿಸಿದೀರಲ್ಲ, ಗಾಳಿ ಆಡೋ ತೂತೆಲ್ಲ ಮುಚ್ಚಿಹೋಗಿದೆ. ಮನುಷ್ಯರ ಮುಖಕ್ಕೆ ಹೀಗೆ ಮಾಡಿದ್ರೆ ಪೊಲೀಸರು ಬರ್ತಾರೆ.”

“ಗೊತ್ತು” ಎಂದ. ಎರಡು ದಿನ ಬಿಟ್ಟು, ತಾನೇ ಕಂಡುಹಿಡಿದವನಂತೆ ದಿಂಬು ತೆಗೆದು ಮೇಜಿನ ಮೇಲಿಟ್ಟ. ತಳ ಬಿಚ್ಚಿ ಫ್ಯಾನಿನಿಂದ ಕೌದಿಗಾಗುವಷ್ಟು ಧೂಳು ತೆಗೆದ. ಕಾವು ತಗ್ಗಿತು, ಚಿತ್ರ ನಿಲ್ಲುವುದು ಬಿಟ್ಟಿತು. ಮಾತು ಮಾತ್ರ ಇನ್ನೂ ತುಂಡಾಗುತ್ತಿತ್ತು.

ಕೊನೆಗೆ ಲಿನಕ್ಸ್ ಬಳಗದ ಯಾವುದೋ ಪುಟದಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದು ಕಣ್ಣಿಗೆ ಬಿತ್ತು: ಚಾರ್ಜರ್ ತೆಗೆದರೆ, ಬ್ಯಾಟರಿ ಉಳಿಸಲೆಂದು ವೈಫೈ ಆಗಾಗ ತೂಕಡಿಸುತ್ತದೆ. ಅದು ಕಣ್ಣು ಮುಚ್ಚಿದಾಗೆಲ್ಲ ಮಾತು ಕಡಿಯುತ್ತದೆ. ಇಲ್ಲಿದೆ ನೋಡಿ ತಮಾಷೆ. ಚಾರ್ಜರಿನಿಂದ ಗುಂಯ್ ಸದ್ದು ಬರುತ್ತದೆಂದು ಪ್ರತಿ ಸಭೆಗೂ ಮುಂಚೆ ಅದನ್ನು ಕಿತ್ತಿಡುತ್ತಿದ್ದವನು ಇವನೇ. ಊರೆಲ್ಲ ಹುಡುಕಿದ ಕಳ್ಳ ತನ್ನ ಅಂಗಿಯೊಳಗೇ ಇದ್ದ. ವೈಫೈ ತೂಕಡಿಸದಂತೆ ಒಂದು ಸಾಲಿನ ಕಮಾಂಡ್ ಕೊಟ್ಟ, ಚಾರ್ಜರ್ ಚುಚ್ಚಿದ, ತಂತಿಯಿರುವ ಹಳೆಯ ಇಯರ್‌ಫೋನ್ ಹಾಕಿದ. ಅಡುಗೆಮನೆಯಲ್ಲಿದ್ದ ಹೆಂಡತಿಯ ಫೋನಿಗೆ ಕಾಲ್ ಮಾಡಿ ಭಾಷಣ ಶುರು ಮಾಡಿದ. ಎಲ್ಲವೂ ಗಾಜಿನಂತೆ ಸ್ಪಷ್ಟ.

“ಕೇಳಿಸ್ತಾ?”

“ಅದೇ ಕಷ್ಟ” ಎಂದಳು ಆಕೆ.

ಸಭೆಯ ದಿನ ಎಲ್ಲರನ್ನೂ ಬೆರಗುಗೊಳಿಸಬೇಕೆಂದು, ಯಾರಿಗೂ ಹೇಳದೆ, ಮುಂಚೆಯೇ ಸೇರಿಕೊಂಡ. ಮೈಕು, ಕ್ಯಾಮೆರಾ ಎರಡನ್ನೂ ಮುಚ್ಚಿಟ್ಟಿದ್ದ. ಪರದೆಯಲ್ಲಿ ಅವನ ಹೆಸರಿನ ಕಪ್ಪು ಚೌಕ ಕಂಡರೂ ಯಾರೂ ಮಾತು ನಿಲ್ಲಿಸಲಿಲ್ಲ. ಎಂದೂ ನಿಲ್ಲಿಸಿದವರಲ್ಲ.

“ಬಂತು ನೋಡಿ ಕಿವುಡು ದೇವರು” ಎಂದಳು ಕೆಳಗಿನ ಮನೆಯ ಟೈಲರಮ್ಮ.

ಆಮೇಲೆ ಇಯರ್‌ಫೋನಿನಲ್ಲಿ ಬಂದದ್ದೆಲ್ಲ ಹನಿಹನಿಯೂ ಚೊಕ್ಕ. ತೊಟ್ಟಿಯಲ್ಲಿ ಪಾಚಿ ಕಟ್ಟಿದ್ದು, ಲಿಫ್ಟಿನೊಳಗೆ ಸಿಕ್ಕಿಕೊಂಡ ಟೈಲರಮ್ಮನಿಗೆ ಇವನು ಹೊರಗಿನಿಂದ ‘ಗೊತ್ತು’ ಎಂದು ಹೇಳಿ ಅಂಗಡಿಗೆ ಹೋದದ್ದು, ಇವನ ನಡಿಗೆ, ಇವನ ಫಲಕ ಎಲ್ಲವೂ ಬಂತು. ಒಬ್ಬರು ಇವನ ಕೆಮ್ಮನ್ನು ಅಣಕಿಸಿದರು. ಅಣಕ ಚೆನ್ನಾಗಿಯೇ ಇತ್ತು. ತಾನು ಅಧ್ಯಕ್ಷನಾಗಿದ್ದ ಮೂರು ವರ್ಷದ ಸಭೆಗಳಲ್ಲಿ ನಡೆದದ್ದು ಇದೇ ಎಂಬುದು ಅವನಿಗೆ ನಿಧಾನವಾಗಿ ಅರ್ಥವಾಯಿತು. ಮುಖ ಕೆಂಪೇರಿತು. ಮೈಕು ತೆರೆಯಲು ಬೆರಳು ಮೇಲೆತ್ತಿದ.

ಅಷ್ಟರಲ್ಲಿ ಹೊಸದಾಗಿ ಮನೆ ಕೊಂಡವರೊಬ್ಬರು, ಇಷ್ಟೆಲ್ಲ ಬೇಸರವಿದ್ದರೆ ಡಾಕ್ಟರೇ ಅಧ್ಯಕ್ಷರಾಗಬಹುದಲ್ಲ ಎಂದು ಕೇಳಿದರು.

“ನನಗ್ಯಾಕೆ ಬೇಕು? ನಾನು ಹೆದರಿಸಿದ್ದು ತಮಾಷೆಗೆ” ಎಂದರು ಡಾಕ್ಟರು. “ಅವರಿಗೆ ಕೇಳಿಸೋದಿಲ್ಲ, ಅದಕ್ಕೇ ಅವರಿರೋದು. ಕೇಳಿಸಿದ್ರೆ ಉತ್ತರ ಕೊಡ್ತಾರೆ. ಉತ್ತರ ಶುರು ಮಾಡಿದ್ರೆ ನಾವು ಊಟ ಮಾಡೋದು ಯಾವಾಗ? ಅವತ್ತೇ ಬೇರೆಯವರನ್ನ ಹುಡುಕ್ಬೇಕು.”

ಎಲ್ಲರೂ ಹೌದೆಂದರು. ಗೊತ್ತಪ್ಪನ ಬೆರಳು ಗಾಳಿಯಲ್ಲೇ ಉಳಿಯಿತು.

ಮಾನವಿರುವವನಾದರೆ ಒಂದೇ ಮಾತಿನಲ್ಲಿ ರಾಜೀನಾಮೆ ಎಸೆಯುತ್ತಿದ್ದ. ಬುದ್ಧಿಯಿರುವವನಾದರೆ ತೊಟ್ಟಿ ತೊಳೆಸುತ್ತೇನೆ ಎನ್ನುತ್ತಿದ್ದ. ಇವನು ಕುತ್ತಿಗೆ ತಿರುಗಿಸಿ, ತೆರೆದ ಬಾಗಿಲಿನ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆಯನ್ನು ನೋಡಿದ. ಕ್ಯಾಮೆರಾ ತೆರೆದ, ಮೈಕು ತೆರೆದ.

“ಮಾನ್ಯ ಸದ...” ಎಂದ. ಅಲ್ಲಿಗೇ ನಿಲ್ಲಿಸಿ, ಬಾಯಿ ಅರ್ಧ ತೆರೆದುಕೊಂಡು, ರೆಪ್ಪೆ ಬಡಿಯದೆ ಕಲ್ಲಾಗಿ ಕೂತ.

“ಹಾಂ, ನಿಂತ್ರು” ಎಂದರು ಯಾರೋ, ನೆಮ್ಮದಿಯಿಂದ. ಬೈಗುಳ ಮುಂದುವರಿಯಿತು. ಇವನ ಕಣ್ಣಂಚಿನಲ್ಲಿ ನೀರು ಕೂಡಿತು, ದವಡೆ ನಡುಗಿತು, ಆದರೂ ಅಲ್ಲಾಡಲಿಲ್ಲ. ಆಗ ಎಲ್ಲಿಂದಲೋ ಒಂದು ನೊಣ ಬಂದು ಅವನ ಹಣೆಯ ಮೇಲೆ ಕೂತಿತು. ಹುಬ್ಬು ದಾಟಿ, ಮೂಗಿನ ಏಣಿಯಿಳಿದು, ಮೇಲ್ದುಟಿಯ ಅಂಚಿನಲ್ಲಿ ನಿಂತು ಕೈ ತಿಕ್ಕಿಕೊಂಡಿತು.

“ಅಲ್ಲಾ, ಚಿತ್ರ ನಿಂತಿದೆ ಅಂತೀರಿ” ಎಂದಳು ಟೈಲರಮ್ಮ ಮೆಲ್ಲಗೆ, “ನೊಣ ಓಡಾಡ್ತಾ ಇದೆಯಲ್ಲ?”

ಎಲ್ಲರ ಮುಖಗಳೂ ತಮ್ಮ ತಮ್ಮ ಪರದೆಗೆ ಹತ್ತಿರ ಬಾಗಿದವು. ಚೌಕ ಚೌಕಗಳಲ್ಲಿ ಎಷ್ಟೋ ಕಣ್ಣು ಆ ನೊಣವನ್ನು, ಅದರ ಕೆಳಗಿನ ಮನುಷ್ಯನನ್ನು ನೋಡಿದವು. ಯಾರೂ ನಗಲಿಲ್ಲ. ಡಾಕ್ಟರು ಗಂಟಲು ಸರಿಮಾಡಿಕೊಂಡರು.

“ಕೇಳಿಸಿಯೂ ಉತ್ತರ ಕೊಡದ ಅಧ್ಯಕ್ಷರು ಇನ್ನೆಲ್ಲಿ ಸಿಗ್ತಾರೆ? ಅವಿರೋಧ ಆಯ್ಕೆ ಅನ್ನೋಣ್ವಾ?”

ಒಂದೊಂದೇ ಚೌಕದಲ್ಲಿ ಕೈಗಳು ಮೇಲೆದ್ದವು.