ಯಂತ್ರದ ಜೊತೆ ನಿಂಗಯ್ಯನ ಪಂದ್ಯ

ಮದ್ದೂರಿನ ಪೇಟೆ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಕಸ್ತೂರಿರಂಗನಿಗೆ ತನ್ನ ಮೇಲಿದ್ದಷ್ಟು ನಂಬಿಕೆ ಅವನ ಕೈಗೆ ರೇಡಿಯೋ ಕೊಟ್ಟವರಿಗೆ ಇರಲಿಲ್ಲ. ಅಂಗಡಿಯ ಮೇಲೆ 'ಎಲೆಕ್ಟ್ರಾನಿಕ್ ತಜ್ಞ' ಎಂದು ಬೋರ್ಡು ಹಾಕಿಸಿದ್ದ. ತಜ್ಞ ಅಂತ ಯಾರು ಹೇಳಿದ್ದು ಎಂದು ಯಾರಾದರೂ ಕೆಣಕಿದರೆ, "ಓದಕ್ಕೆ ಬರಲ್ವೇ? ಬೋರ್ಡೇ ಹೇಳ್ತಾ ಇದೆಯಲ್ಲ" ಎನ್ನುತ್ತಿದ್ದ.

ಎಪ್ಪತ್ತೆಂಟನೇ ಇಸವಿಯಲ್ಲಿ ಅವನು ಮನುಷ್ಯರ ಜೊತೆ ಆಡುವ ಯಂತ್ರವೊಂದನ್ನು ಕಟ್ಟಿದ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಗುಜರಿಯಿಂದ ತಂದ ರಿಲೇಗಳನ್ನು, ಅಂದರೆ ಕರೆಂಟು ತಾಗಿದ ಕೂಡಲೇ ಟಕ್ಕೆಂದು ಕಚ್ಚಿಕೊಳ್ಳುವ ಸ್ವಿಚ್ಚುಗಳನ್ನು, ಮರದ ಪೆಟ್ಟಿಗೆಯೊಳಗೆ ತುಂಬಿದ. ಮೇಲೆ ಹದಿನಾರು ಪುಟ್ಟ ದೀಪ. ಆಡುವವನು ಒಂದೋ ಎರಡೋ ಮೂರೋ ದೀಪ ಆರಿಸಬೇಕು, ಆಮೇಲೆ ಯಂತ್ರ ತನ್ನ ಪಾಲಿನದು ಆರಿಸುತ್ತದೆ. ಕೊನೆಯ ದೀಪ ಆರಿಸಿದವರು ಗೆದ್ದಂತೆ. "ಮೊದಲು ನೀವು" ಎಂದು ಕಸ್ತೂರಿರಂಗ ಎದುರಾಳಿಗೆ ಕೈ ತೋರುತ್ತಿದ್ದ. ಅದು ಬರೀ ಮರ್ಯಾದೆಯಲ್ಲ. ಈ ಆಟದಲ್ಲಿ ಎರಡನೆಯವನು ಪ್ರತಿ ಸುತ್ತಿಗೂ ಇಬ್ಬರದೂ ಸೇರಿ ನಾಲ್ಕು ದೀಪ ಆರುವಂತೆ ನೋಡಿಕೊಂಡರೆ ಸೋಲುವುದೇ ಇಲ್ಲ, ಯಂತ್ರ ಆ ಲೆಕ್ಕ ತಪ್ಪುತ್ತಿರಲಿಲ್ಲ.

ಮಳವಳ್ಳಿಯ ಹೈಸ್ಕೂಲಿನಲ್ಲಿ ವಸ್ತುಪ್ರದರ್ಶನ ನಡೆದಾಗ ಹೆಂಡತಿ ಗೋದಾಳನ್ನೂ ಪೆಟ್ಟಿಗೆಯನ್ನೂ ಬಸ್ಸಿನಲ್ಲಿ ಕರೆದೊಯ್ದ. ಟಿಕೆಟ್ಟು ಇಬ್ಬರಿಗೇ ಆದರೂ ಸೀಟು ಸಿಕ್ಕಿದ್ದು ಪೆಟ್ಟಿಗೆಗೆ. ಯಂತ್ರ ಯಾರದೆಂದು ಇಡೀ ತಾಲ್ಲೂಕಿಗೆ ತಿಳಿಯಲೆಂದು ಪೆಟ್ಟಿಗೆಯ ನೆತ್ತಿಗೆ ಬಣ್ಣದ ಬಲ್ಬುಗಳಲ್ಲಿ ತನ್ನ ಹೆಸರನ್ನೇ ಬರೆದಿದ್ದ. ಪುಣ್ಯಾತ್ಮನ ಹೆಸರೂ ಸಣ್ಣದಲ್ಲ.

ಸಂಜೆ ಚಿಕ್ಕರಸಿನಕೆರೆಯ ನಿಂಗಯ್ಯ ಬಂದ. ಕಬ್ಬು ಬೆಳೆಯುವವನು, ಹುಲಿಕುರಿ ಆಟದಲ್ಲಿ ಅವನನ್ನು ಸೋಲಿಸಿದವರಿಲ್ಲ.

"ನಾನ್ ಗೆದ್ರೆ ಏನ್ ಕೊಟ್ಟೀರಿ ಅಯ್ನೋರೆ?"

"ಏನು ಬೇಕೋ ಕೇಳಪ್ಪ."

"ನಿಮ್ಮಂಗ್ಡಿ ಬೋರ್ಡು ಇಳಿಸ್‌ಬುಡಿ. ನಿಮ್ ಕೈಗ್ ಕೊಟ್ಟಾಗಿಂದ ನಮ್ ರೇಡಿಯೋ ಗೊರ್ಕೆ ಒಡೀತಾ ಅದೆ."

ಸುತ್ತ ನಿಂತವರು ಗೊಳ್ಳೆಂದರು. "ಇಳಿಸ್ತೀನಿ!" ಎಂದ ಕಸ್ತೂರಿರಂಗ. ಗೋದಾ ಹಣೆ ಚಚ್ಚಿಕೊಂಡಳು.

ನಿಂಗಯ್ಯ ಎಲೆ ಅಡಿಕೆ ಬಾಯಿಗೆ ತುರುಕಿಕೊಂಡ. "ನಾನು ಇದ್ನ ಅಗ್ದು ಉಗಿಯೋದ್ರೊಳ್ಗೆ ಅದು ಆಡ್ಬೇಕು. ಸುಮ್ಕಿದ್ರೆ ಸೋತಂಗೆ" ಎಂದು ಎರಡು ದೀಪ ಆರಿಸಿದ.

ಸರಿಯಾಗಿ ಆಗಲೇ ಸುತ್ತಲ ಗದ್ದೆಗಳ ಪಂಪ್‌ಸೆಟ್ಟುಗಳು ಶುರುವಾದವು. ವೋಲ್ಟೇಜು ಕುಸಿದು ಮಳವಳ್ಳಿಯ ದೀಪಗಳೆಲ್ಲ ಕೆಂಪಗಾದವು. ಪೆಟ್ಟಿಗೆಯೊಳಗಿಂದ ಟಕ್ ಎಂಬ ಸದ್ದಿನ ಬದಲು ಕುರ್ರ್ ಎಂಬ ನರಳಾಟ ಕೇಳಿತು.

"ಗಂಟ್ಲು ಕಟ್ಕಂಡದೆ ಕಣ್ಲಾ" ಎಂದ ಒಬ್ಬ.

"ಯೋಚನೆ ಮಾಡ್ತಾ ಇದೆ" ಎಂದ ಕಸ್ತೂರಿರಂಗ.

"ನಮ್ಮೆತ್ತೂ ಇಂಗೇ ಸ್ವಾಮಿ, ದಿಬ್ಬ ಅತ್ತುವಾಗ ಬೋ ಯೋಚ್ನೆ ಮಾಡ್ತದೆ" ಎಂದ ಗುಂಪಿನಲ್ಲಿದ್ದ ಇನ್ನೊಬ್ಬ.

ಕಸ್ತೂರಿರಂಗ ರೇಡಿಯೋಗೆ ಮಾಡುವ ಚಿಕಿತ್ಸೆಯನ್ನೇ ಮಾಡಿದ: ಪೆಟ್ಟಿಗೆಯ ಬೆನ್ನಿಗೆ ಎರಡು ಗುದ್ದಿದ. ರೋಗ ಏನೆಂದು ಅವನಿಗೆ ಗೊತ್ತಿತ್ತು. ಬಂದದ್ದೇ ಅರೆಹೊಟ್ಟೆ ಕರೆಂಟು. ಅದರಲ್ಲಿ ಮುಕ್ಕಾಲು ಪಾಲನ್ನು ನೆತ್ತಿಯ ಮೇಲಿನ ಹೆಸರು ನುಂಗುತ್ತಿತ್ತು. ರಿಲೇಗಳಿಗೆ ಕಚ್ಚಲು ಬಲವೇ ಉಳಿದಿರಲಿಲ್ಲ.

"ಏನ್ರೀ, ಆ ಹೆಸರು ಆರಿಸಿ" ಎಂದು ಗೋದಾ ಪಿಸುಗುಟ್ಟಿದಳು.

"ಆರಿಸಿದ್ರೆ ಯಂತ್ರ ಯಾರದು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?"

"ಸೋತರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ."

ನಿಂಗಯ್ಯನ ದವಡೆ ನಿಧಾನವಾಯಿತು. ಉಗಿಯಲು ಮೂಲೆ ಹುಡುಕುತ್ತ ಅವನು ಕತ್ತು ತಿರುಗಿಸಿದ. ಕಸ್ತೂರಿರಂಗ ಕಣ್ಣು ಮುಚ್ಚಿ ಬಣ್ಣದ ಬಲ್ಬುಗಳ ವೈರನ್ನು ಕಿತ್ತ.

ಹೆಸರು ಆರಿತು. ಟಕಟಕಟಕ! ಎರಡು ದೀಪ ಆರಿದವು. ನಿಂಗಯ್ಯ ಗಾಬರಿಯಲ್ಲಿ ಮೂರು ಆರಿಸಿದ. ಅವನು ಕೈ ತೆಗೆಯುವ ಮೊದಲೇ ಯಂತ್ರ ಒಂದು ಆರಿಸಿತು. ಅವನು ಒಂದು ಆರಿಸಿದರೆ ಅದು ಮೂರು. ಕೊನೆಗೆ ನಾಲ್ಕೇ ದೀಪ ಉಳಿದು, ಸರದಿ ನಿಂಗಯ್ಯನದಾಯಿತು. ಹೇಗೆ ಆರಿಸಿದರೂ ಉಳಿದದ್ದು ಪೆಟ್ಟಿಗೆಯ ಪಾಲು. ಅವನು ನೋಡಿದ, ಮತ್ತೆ ನೋಡಿದ, ಉಗಿಯುವುದನ್ನು ಮರೆತು ಎಲೆ ಅಡಿಕೆಯನ್ನು ಗುಳಕ್ಕನೆ ನುಂಗಿದ.

"ಬೋರ್ಡು ಅಲ್ಲೇ ಇರ್ಲಿ ಬುಡಿ" ಎಂದ, ಕೆಮ್ಮುತ್ತ. "ಇನ್ನೊಂದಾಟ ಆಕಿ."

ಜನ ಮುಗಿಬಿದ್ದರು. "ಯಾರ್ದ್ಲಾ ಇದು?" ಎಂದು ಹಿಂದಿನಿಂದ ಒಬ್ಬ ಕೇಳಿದ. "ಯಾವ್ದೋ ಸರ್ಕಾರದ್ದಿರ್ಬೇಕು ಕಣ್ಲಾ" ಎಂದ ಮತ್ತೊಬ್ಬ.

ಕಸ್ತೂರಿರಂಗನ ಕೈ ವೈರಿನತ್ತ ಹೋಯಿತು. ಗೋದಾ ನೋಡಿದಳು. ಕೈ ಹಿಂದೆ ಬಂತು. ಮರುಗಳಿಗೆಯಲ್ಲಿ ಅವನು ಸ್ಟೂಲು ಹತ್ತಿ ನಿಂತು, "ಮದ್ದೂರು ಪೇಟೆ ಬೀದಿ, ಕಸ್ತೂರಿರಂಗ, ಎಲೆಕ್ಟ್ರಾನಿಕ್ ತಜ್ಞ!" ಎಂದು ಕೂಗತೊಡಗಿದ. ಗಂಟಲು ಬಿದ್ದುಹೋಗುವವರೆಗೂ ಕೂಗಿದ. ಅಷ್ಟಾದರೂ ವೋಲ್ಟೇಜು ಒಂದಿಷ್ಟೂ ಇಳಿಯಲಿಲ್ಲ.