ಗೇರಿನ ಬೊಟ್ಟು, ತವರಿನ ರಕ್ತ

ಮೊನ್ನೆ ಮಾವಿನಕಾಯಿಯ ಸೊನೆ ತಾಗಿ ನಿಮ್ಮಲ್ಲಿ ಚಿಕ್ಕವಳ ತುಟಿ ಬಾತುಕೊಂಡಾಗ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗುತ್ತಿತ್ತೇ ಎಂದು ಡಾಕ್ಟರು ಕೇಳಿದರು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಎಂದು ನಿಮ್ಮ ಸೋದರಮಾವ ಎದೆಯುಬ್ಬಿಸಿ ಹೇಳಿದ. ಆ ಮಾತು ಅವನದಲ್ಲ, ಅವನ ಅಜ್ಜಿಯದು, ಅಂದರೆ ನನ್ನ ಅತ್ತೆಯದು. ಅವರು ಹೋಗಿ ಎಷ್ಟೋ ವರ್ಷವಾಯಿತು, ಸುಳ್ಳು ಮಾತ್ರ ಮನೆಯಲ್ಲೇ ಉಳಿದಿದೆ. ನಾಲ್ಕು ಜನರ ಮುಂದೆ ನನಗೆ ಈಗಲೂ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ಹೊಸಬಾಳೆಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದೆ. ಸೊರಬದ ಕಡೆಯವರೆಂದರೆ ಅತ್ತೆಗೆ ಕಾಡುಜನ. ನಾನು ಬಾಯಿಬಿಟ್ಟರೆ ನನ್ನ ಮಾತಿನ ಧಾಟಿಯನ್ನೇ ಅಣಕಿಸುತ್ತಿದ್ದರು. ಹಾಗಾಗಿ ಮಾತಾಡುವುದನ್ನೇ ಬಿಟ್ಟಿದ್ದೆ.

ನಿಮ್ಮ ತಾಯಿ ಹುಟ್ಟಿ, ಬಾಣಂತನ ಮುಗಿಸಿ ನಾನು ಮರಳಿದ ಕೂಡಲೇ ಅತ್ತೆ ಮಗುವಿಗೆ ಗೇರು ಹಾಕಿಸಿದರು. ದೃಷ್ಟಿ ತಾಗಬಾರದು, ಹೊಟ್ಟೆನೋವು ಬರಬಾರದು ಎಂದು. ಇದು ತಿನ್ನುವ ಗೇರುಬೀಜವಲ್ಲ, ಮಡಿವಾಳರು ಬಟ್ಟೆಗೆ ಗುರುತು ಹಾಕುವ ಕರಿಗೇರು. ಕಾಯಿಗೆ ಸೂಜಿ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ಒಸರುತ್ತದೆ. ಅದರಿಂದ ಹೊಕ್ಕುಳ ಸುತ್ತ ಬೊಟ್ಟು ಇಡುವುದು. ಎಲ್ಲ ಶಾಸ್ತ್ರಕ್ಕೂ ಮುಂದೆ ನುಗ್ಗುವ ಅತ್ತೆ ಅಂದು ಮಾತ್ರ ಕಾಯಿ ಮುಟ್ಟಲಿಲ್ಲ. ಪಕ್ಕದ ಮನೆಯಾಕೆಯ ಕೈಯಲ್ಲಿ ಇಡಿಸಿ ತಾವು ಬಾಗಿಲಾಚೆ ನಿಂತರು. ಆಕೆ ಅದೇ ಕಾಯಿಯಿಂದ ತನ್ನ ಮೊಮ್ಮಗನಿಗೂ ಇಟ್ಟಳು. ಅವನಿಗೆ ಏನೂ ಆಗಲಿಲ್ಲ.

ನಮ್ಮ ಮಗುವಿನ ಹೊಟ್ಟೆ ಮಾತ್ರ ಕೆಂಪಗೆ ಬಾತು, ಗುಳ್ಳೆಯೆದ್ದು ನೀರು ಸೋರತೊಡಗಿತು. ಕೂಸು ಹಾಲು ಬಿಟ್ಟು ಅತ್ತಿತು. ನಾನು ಕೊಬ್ಬರಿ ಎಣ್ಣೆ ಸವರುತ್ತ ಕೂತಿದ್ದಾಗ ಅತ್ತೆ ತೀರ್ಪು ಕೊಟ್ಟೇಬಿಟ್ಟರು.

"ನಮ್ಮನ್ಯಾಗೆ ಇಂಥ ಚರ್ಮ ಯಾರಿಗೂ ಇಲ್ಲ. ಇದು ಇಕಿ ತವರಿನ ರಕ್ತ."

ಕೆಟ್ಟ ರಕ್ತದವಳನ್ನು ಮಗು ಸಮೇತ ತವರಿಗೆ ಅಟ್ಟಿ, ಮಗನಿಗೆ ಬೇರೆ ಹೆಣ್ಣು ತರುವ ಮಾತು ಬೀದಿಯವರೆಗೂ ಹೋಯಿತು. ನಿಮ್ಮ ಅಜ್ಜ ಗೂಟಕ್ಕೆ ನೇತುಹಾಕಿದ ಅಂಗಿಯಷ್ಟೇ ಮಾತಾಡಿದರು.

ಇತ್ಯರ್ಥಕ್ಕೆಂದು ಈಸೂರಿನ ಕಡೆಯಿಂದ ಅತ್ತೆಯ ಅಣ್ಣ ಬಂದರು. ಕರೆಯದ ಮನೆಗೂ ಹೋಗಿ ನ್ಯಾಯ ಹೇಳುವುದೇ ಅವರ ಕಸುಬು, ಇಲ್ಲಿಗಂತೂ ಅತ್ತೆಯೇ ಕರೆಸಿದ್ದರು. ಮಡಿವಾಳರ ಮನೆಯಿಂದ ಆಗಷ್ಟೇ ಬಂದ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು, ಕುರ್ಚಿ ತುಂಬ ಕೂತರು. ಬೀಜ ಚಲೋ ಐತಿ, ಭೂಮಿ ಕೆಟ್ಟೈತಿ ಎಂದು ನನ್ನ ಎದುರಿಗೇ ಹೇಳಿದರು. ತಮ್ಮ ಗದ್ದೆಯಲ್ಲಿ ಎಂದೂ ಕಾಲಿಡದ ಮನುಷ್ಯ ನನಗೆ ಬೇಸಾಯ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಕತ್ತಿನ ಹಿಂದೆ ಪರಪರ ಕೆರೆದುಕೊಳ್ಳುತ್ತಿದ್ದರು.

ನೀರು ತಂದು ಕೊಡುವಾಗ ನೋಡಿದೆ. ಕಾಲರಿನ ಒಳಗೆ ಮಡಿವಾಳರ ಗೇರಿನ ಗುರುತು. ಅದು ತಾಗುವಲ್ಲೇ ಚರ್ಮ ಕೆಂಪಗೆ ಬಾತು ಗುಳ್ಳೆಯೆದ್ದಿತ್ತು, ನನ್ನ ಮಗುವಿನ ಹೊಟ್ಟೆಯ ಹಾಗೆಯೇ. ಕತ್ತಿಗೆ ಏನಾಗಿದೆ ಎಂದು ಮೆಲ್ಲಗೆ ಕೇಳಿದೆ.

"ಇದಾ? ನಮಗ ಗೇರು ಆಗಂಗಿಲ್ಲ ಬಿಡು. ನಮ್ಮವ್ವಗೂ ಹಿಂಗೇ ಇತ್ತು. ನಿಮ್ಮತ್ತಿ ಸಣ್ಣಾಕಿದ್ದಾಗ ಗೇರುಕಾಯಿ ಮುಟ್ಟಿ ಮೊಣಕೈತನ ಬಾತಿದ್ಲು. ಅಲ್ಲೇನವ್ವಾ ತಂಗಿ?"

ತಂಗಿ ಅಡುಗೆಮನೆಯ ಕಡೆ ತಿರುಗಿದರು. ಅಣ್ಣನಿಗೆ ತಾನೇನು ಹೇಳಿದೆನೆಂದು ಇನ್ನೂ ಹೊಳೆದಿರಲಿಲ್ಲ. ಅಂಥ ತಲೆಗೆ ಊರೆಲ್ಲ ಕೈ ಮುಗಿಯುತ್ತಿತ್ತು.

"ಹಂಗಾರೆ ಮಾವ, ಇದು ಅತ್ತೆ ತವರಿನ ರಕ್ತ," ಎಂದೆ.

ಮಾವನಿಗೆ ತಟ್ಟನೆ ಬಸ್ಸಿನ ನೆನಪಾಯಿತು. ಅತ್ತೆ ಒಲೆಯ ಮುಂದೆ ಹೋಗಿ, ಉರಿಯುತ್ತಿದ್ದ ಬೆಂಕಿಯನ್ನೇ ಊದತೊಡಗಿದರು. ಬೇರೆ ಹೆಣ್ಣಿನ ಮಾತು ಆಮೇಲೆ ಎಂದೂ ಬರಲಿಲ್ಲ. ತಪ್ಪಾಯಿತೆಂಬ ಮಾತೂ ಬರಲಿಲ್ಲ. ಮಗುವಿಗೆ ಉಷ್ಣವಾಗಿತ್ತು ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದರು.

ಮಾವು, ಗೇರು ಒಂದೇ ಕುಲದ ಮರಗಳು, ಒಂದರ ಸೊನೆ ಆಗದವರಿಗೆ ಹೆಚ್ಚಾಗಿ ಇನ್ನೊಂದರದೂ ಆಗುವುದಿಲ್ಲ. ಇನ್ನೊಮ್ಮೆ ಡಾಕ್ಟರು ಕೇಳಿದರೆ ಸರಿಯಾಗಿ ಹೇಳಿ. ಅಮ್ಮನಿಗೆ ಇತ್ತು, ಅಮ್ಮನ ಅಜ್ಜಿಗೆ ಇತ್ತು, ಆ ಅಜ್ಜಿಯ ಅಣ್ಣನಿಗೂ ತಾಯಿಗೂ ಇತ್ತು. ನನಗಿಲ್ಲ. ಉಪ್ಪಿನಕಾಯಿಯ ಮಾವನ್ನು ನಾನು ಇವತ್ತಿಗೂ ಸೊನೆ ಸುರಿಯುವಾಗಲೇ ಬರಿಗೈಯಲ್ಲಿ ಹೆಚ್ಚುತ್ತೇನೆ.