ಕೊಟ್ಟವರನ್ನು ಕಟ್ಟದ ತಾಂಬೂಲ

ಕಲ್ಯಾಣದುರ್ಗದ ತಮ್ಮನ ಮನೆಗೆ ಹೋಗುವುದನ್ನು ನಾನು ಬಿಟ್ಟಿದ್ದೇನೆ. ಹಿಂದೂಪುರದಿಂದ ಬಸ್ಸಿದೆ, ಮಂಡಿನೋವು ತಡೆಯುವಷ್ಟಿದೆ, ಅವನೂ ಗಟ್ಟಿಯಾಗಿದ್ದಾನೆ, ನಾನೂ ಇದ್ದೇನೆ. ಆದರೂ ಹೋಗುವುದಿಲ್ಲ. ಕೇಳಿದವರು ಆಸ್ತಿ ಜಗಳ ಇರಬೇಕು ಅಂದುಕೊಳ್ಳುತ್ತಾರೆ. ಆಸ್ತಿಯ ವಿಷಯದಲ್ಲಿ ನಮಗೆ ಒಂದು ದಿನವೂ ಮಾತು ಬಂದಿಲ್ಲ. ನಾವು ಕೆಟ್ಟದ್ದು ದೂರದ ಒಂದು ಯುದ್ಧದ ವಿಷಯಕ್ಕೆ ಮತ್ತು ಹತ್ತಿರದ ಒಂದು ಪಂಚಾಯ್ತಿ ಸೀಟಿನ ವಿಷಯಕ್ಕೆ. ಎರಡೂ ಒಂದೇ ಜಗಳ ಎಂದು ನನ್ನ ಒಪೀನಿಯನ್. ನನಗೆ ತಲೆ ಕೆಟ್ಟಿದೆ ಎಂದು ಅವನ ಒಪೀನಿಯನ್.

ನಾನು ಹಿಂದೂಪುರದಲ್ಲಿ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಹಿಸ್ಟರಿ ಟೀಚರಾಗಿ ರಿಟೈರಾದವಳು. ನನ್ನ ಕ್ಲಾಸಿನ ವಾಲ್ ಮ್ಯಾಪಿನಲ್ಲಿ ಸೋವಿಯತ್ ಒಕ್ಕೂಟ ಗುಲಾಬಿ ಬಣ್ಣ ಹೊದ್ದುಕೊಂಡು ಅರ್ಧ ಗೋಡೆ ಹಿಡಿದಿತ್ತು. ಆ ಬಣ್ಣ ನನಗೆ ಈಗಲೂ ಇಷ್ಟ. ಕಿಟಕಿಯಿಂದ ಸಂಜೆ ಬಿಸಿಲು ಬಿದ್ದಾಗ ಇಡೀ ಸೈಬೀರಿಯಾ ಮಕ್ಕಳ ಕೆನ್ನೆಯ ಹಾಗೆ ಕಾಣುತ್ತಿತ್ತು. ಒಕ್ಕೂಟ ಒಡೆದಾಗ ಹೆಡ್‌ಮಿಸ್ಟ್ರೆಸ್ ಮದರ್ ಹೊಸ ಮ್ಯಾಪ್ ತರಿಸಲಿಲ್ಲ. ಇದ್ದದ್ದರ ಮೇಲೇ ಪೆನ್ಸಿಲ್ಲಿನಿಂದ ಹೊಸ ಗಡಿಗಳನ್ನು ನಾನೇ ಎಳೆದೆ. ನಾನು ಹತ್ತಿದ್ದ ಸ್ಟೂಲನ್ನು ಹಿಡಿದುಕೊಂಡಿದ್ದವಳು ನೇಕಾರರ ಮನೆಯ ಒಬ್ಬಳು ಹುಡುಗಿ. ಉಕ್ರೇನಿನ ಗೆರೆ ಮುಗಿಯುವ ಹೊತ್ತಿಗೆ ಕೆಳಗಿನಿಂದ ಕೇಳಿದಳು, “ಮಿಸ್, ಈ ಗೆರೇನ ಆ ಕಡೇರು ಒಪ್ಕೊಂಡವರಾ, ಇಲ್ಲಾ ನೀವೇ ಎಳೀತಿದೀರಾ?” ಇಡೀ ಕ್ಲಾಸ್ ನಕ್ಕಿತು. ಒಪ್ಪಿಕೊಂಡಿದ್ದಾರೆ, ನೀನು ಸ್ಟೂಲ್ ಹಿಡ್ಕೋ ಎಂದೆ. ಆ ದಿನ ಅದು ನಿಜವೇ ಆಗಿತ್ತು.

ಅವಳನ್ನು ಮುಂದೆ ಕುಂದುರ್ಪಿ ಕಡೆಯ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟರು. ನಮ್ಮ ಅಪ್ಪನ ಕಾಲದಿಂದ ನಮಗೆ ಜಮೀನಿರುವ ಊರು ಅದು. ತಮ್ಮ ಕಲ್ಯಾಣದುರ್ಗದಲ್ಲಿ ಕಡ್ಲೆಕಾಯಿ ಎಣ್ಣೆ ಮಿಲ್ ಇಟ್ಟುಕೊಂಡು ಅಲ್ಲೇ ಇದ್ದರೂ, ಹಳ್ಳಿಯಲ್ಲಿ ಅವನು ಕೆಮ್ಮಿದರೆ ಪಂಚಾಯ್ತಿ ಆಫೀಸಿನ ಬಾಗಿಲು ತೆರೆಯುತ್ತದೆ. ಊರಿನ ತಗ್ಗಿನಲ್ಲಿ ಮಗ್ಗದ ಬೀದಿ. ಅವರದು ಗುಂಡಿ ಮಗ್ಗ; ನೇಯುವವರು ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಸಿ ಕೂರಬೇಕು. ಮೇಲಿನ ಬೀದಿಗಳಿಗೆ ಸಿಮೆಂಟು ಹಾಕಿಸಿಕೊಂಡವರು ಚರಂಡಿಯನ್ನು ಅರ್ಧಕ್ಕೇ ನಿಲ್ಲಿಸಿದರು. ಒಂದು ಜೋರು ಮಳೆ ಬಂದರೆ ಮೇಲಿನವರ ಬಚ್ಚಲ ನೀರು ಇವರ ಮಗ್ಗದ ಗುಂಡಿಗೆ. ಅವಳು ಸರ್ಪಂಚ್ ಆಗಬೇಕೆಂದು ಹಟ ಹಿಡಿದದ್ದು ಆ ಅರ್ಧ ಚರಂಡಿಗಾಗಿ. ದೊಡ್ಡ ಐಡಿಯಾಲಜಿ ಏನೂ ಇರಲಿಲ್ಲ.

ಹೋದ ಸಲದ ಚುನಾವಣೆಗೆ ನಾಮಿನೇಷನ್ ಹಾಕಿಯೂ ಇದ್ದಳು. ಆಗ ಊರಿನಲ್ಲಿ ಏಕಗ್ರೀವದ ಮಾತು ಎದ್ದಿತು. ಇದು ನಮ್ಮ ಆಂಧ್ರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಓಟೇ ನಡೆಯದೆ ಎಲ್ಲರೂ ಒಬ್ಬರನ್ನು ಒಪ್ಪಿಕೊಂಡರೆ ಊರಿಗೆ ಸರ್ಕಾರದ ಬಹುಮಾನ, ಪೇಪರಿನಲ್ಲಿ ಫೋಟೊ. ಕೇಳುವುದಕ್ಕೆ ಎಷ್ಟು ಚೆಂದ. ಎಲ್ಲರೂ ಒಪ್ಪಿದರು ಎಂದ ಮೇಲೆ ಯಾರು ಯಾರ ಮನೆಗೆ ಹೋಗಿ ಒಪ್ಪಿಸಿದರು ಎಂದು ಯಾರೂ ಕೇಳುವುದಿಲ್ಲ. ಬಸವಣ್ಣನ ಗುಡಿಯ ಮುಂದೆ ಹಿರಿಯರು ಅವಳನ್ನು ಕೂರಿಸಿ, ನಮ್ಮ ದಾಯಾದಿಯೊಬ್ಬನ ಹೆಂಡತಿಗೆ ಈ ಸಲ ಬಿಟ್ಟುಕೊಡು, ಮುಂದಿನ ಸಲ ನಿನಗೇ ಎಂದು ಹೇಳಿ ತಾಂಬೂಲ ಕೊಟ್ಟರು. ತಟ್ಟೆ ಹಿಡಿದಿದ್ದವನು ನನ್ನ ತಮ್ಮ. ಅವಳು ಸೆರಗೊಡ್ಡಿ ತೆಗೆದುಕೊಂಡಳು, ನಾಮಿನೇಷನ್ ವಾಪಸ್ ಪಡೆದಳು.

ಫೋನಿನಲ್ಲಿ ನಾನು ಬೈದಾಗ ಅವಳಿಗೆ ಆಶ್ಚರ್ಯ. “ತಾಂಬೂಲ ಆಗೈತಲ್ಲ ಮಿಸ್. ಇನ್ನ ಯಾರೂ ಮಾತು ತಿರುಗಿಸೋಂಗಿಲ್ಲ.”

ಅಲ್ಲೇ ಅವಳು ತಪ್ಪಿದ್ದು. ಅವಳ ಮನಸ್ಸಿನಲ್ಲಿದ್ದದ್ದು ಹೆಣ್ಣು ಗೊತ್ತುಮಾಡುವ ತಾಂಬೂಲ. ಅಲ್ಲಿ ಎರಡು ಕಡೆಯವರೂ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ, ಇಬ್ಬರಿಗೂ ಕಟ್ಟು. ಗುಡಿಯ ಮುಂದೆ ಹಿರಿಯರು ಕೊಡುವ ತಾಂಬೂಲ ಹಾಗಲ್ಲ. ಅಲ್ಲಿ ತೆಗೆದುಕೊಂಡವರು ಮಾತಿಗೆ ಸಿಕ್ಕಿಕೊಳ್ಳುತ್ತಾರೆ. ಕೊಟ್ಟವರು ಕೈ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ಹುಟ್ಟಿದಾಗಿನಿಂದ ಎರಡನ್ನೂ ನೋಡುತ್ತ ಬೆಳೆದವರಿಗೆ ಮಾತ್ರ ಆಗಬಹುದಾದ ಮಿಸ್ಟೇಕ್ ಅದು.

ಮರುವರ್ಷವೇ ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿತು. ನಾನು ಆ ವಾರ ಕಲ್ಯಾಣದುರ್ಗದಲ್ಲೇ ಇದ್ದೆ. ಉಕ್ರೇನಿನಿಂದ ಬರುವ ಸೂರ್ಯಕಾಂತಿ ಎಣ್ಣೆ ನಿಂತು ಅಂಗಡಿಯಲ್ಲಿ ರೇಟು ಏರಿತು; ತಮ್ಮನ ಕಡ್ಲೆಕಾಯಿ ಎಣ್ಣೆಗೆ ಕಾಲ ಬಂತು. ಟಿವಿಯಲ್ಲಿ ಒಬ್ಬಳು ಮುದುಕಿ ಕುಸಿದ ಮನೆಯ ಮುಂದೆ ನಿಂತು ತನ್ನ ಬೆಕ್ಕನ್ನು ಕರೆಯುತ್ತಿದ್ದಳು. ಇವನು ಚಕ್ಲಿ ಕಡಿಯುತ್ತ, “ನಡೀಲಿ ಬಿಡಕ್ಕ. ಆ ರಷ್ಯಾದೋನು ಗಂಡಸು ಕಣೆ. ನಮ್ಗೂ ಅಂಥೋನು ಬೇಕು. ಈ ಓಟು, ಕೋರ್ಟು, ಪೇಪರ್ನೋರು, ಎಲ್ಲಾ ದಂಡ” ಎಂದ.

“ಅವನ ಎದುರು ನಿಂತವರು ಜೈಲಲ್ಲಿದ್ದಾರೆ, ಇಲ್ಲ ಸ್ಮಶಾನದಲ್ಲಿದ್ದಾರೆ. ಅದು ಗಂಡಸುತನವಾ?”

“ಮೊದ್ಲು ಮಾತು ಮುರಿದೋರು ಯಾರು? ನೀನೇ ಹಿಸ್ಟರಿ ಮಿಸ್ಸಲ್ಲ, ಹೇಳು.”

ನಾನು ಹೇಳಿದೆ. ಸುಳ್ಳು ಹೇಳಿ ಗೆಲ್ಲುವುದು ನನಗೆ ಬರುವುದಿಲ್ಲ. ಜರ್ಮನಿ ಒಂದಾಗುವ ಹೊತ್ತಿನಲ್ಲಿ ಪಶ್ಚಿಮದ ಮಂತ್ರಿಗಳು ತಮ್ಮ ಮಿಲಿಟರಿ ಕೂಟವನ್ನು ಪೂರ್ವಕ್ಕೆ ಬೆಳೆಸುವುದಿಲ್ಲ ಎಂಬಂಥ ಮಾತನ್ನು ಮಾಸ್ಕೋದಲ್ಲಿ ಆಡಿದ್ದು ಹೌದು. ಒಪ್ಪಂದದ ಒಳಗೆ ಅದನ್ನು ಬರೆಯಲಿಲ್ಲ ಎಂಬುದೂ ಹೌದು. ಆಮೇಲೆ ಒಂದೊಂದೇ ದೇಶ ಆ ಕೂಟ ಸೇರಿತು. ಸೇರಿಸಿ ಎಂದು ಅವೇ ಕೇಳಿದವು, ಏಕೆಂದರೆ ಗುಲಾಬಿ ಬಣ್ಣದ ನೆರೆಯವನ ಬೂಟುಗಾಲು ಅವಕ್ಕೆ ಗೊತ್ತಿತ್ತು. ಮುಂದೆ ಉಕ್ರೇನಿಗೂ ಒಂದು ದಿನ ಸೇರಿಸಿಕೊಳ್ಳುತ್ತೇವೆ ಎಂದರು. ಯಾವ ದಿನ ಎಂದು ಹೇಳಲಿಲ್ಲ. ಹೀಗೆ ಆಸೆ ಹುಟ್ಟಿಸಿ ಬಾಗಿಲಲ್ಲಿ ನಿಲ್ಲಿಸುವುದು ನೀಚ ಕೆಲಸ. ನಾನು ಅದನ್ನು ಡಿಫೆಂಡ್ ಮಾಡುವುದಿಲ್ಲ.

“ಮತ್ತೆ?” ಎಂದು ಹುಬ್ಬು ಹಾರಿಸಿದ.

“ಮತ್ತೇನು, ಇನ್ನೊಂದು ಮಾತೂ ಇದೆ. ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ರಾಶಿ ಅಣುಬಾಂಬುಗಳಿದ್ದವು. ಅದು ಎಲ್ಲವನ್ನೂ ಬಿಟ್ಟುಕೊಟ್ಟಿತು. ನಿನ್ನ ಗಡಿ ಮುಟ್ಟುವುದಿಲ್ಲ ಎಂದು ಬುಡಾಪೆಸ್ಟಿನಲ್ಲಿ ಸಹಿ ಹಾಕಿಕೊಟ್ಟವರಲ್ಲಿ ನಿನ್ನ ರಷ್ಯಾವೂ ಒಂದು. ಜೊತೆಗೆ ಸಹಿ ಹಾಕಿದ ಅಮೆರಿಕ, ಇಂಗ್ಲೆಂಡ್, ಮುಟ್ಟಿದರೆ ಸೈನ್ಯ ಕಳಿಸುತ್ತೇವೆ ಅನ್ನಲಿಲ್ಲ. ಕ್ರಿಮಿಯಾ ಕಿತ್ತುಕೊಂಡಾಗ ಸಭೆ ಮಾಡಿದರು.”

“ಅದಕ್ಕೇ ಅನ್ನೋದು. ಕೈಯಾಗಿದ್ದುದ್ನ ಬಿಟ್ಟೋರ್ದು ತಪ್ಪು.”

ಆ ಮಾತು ಅವನ ಬಾಯಿಂದ ಬಿದ್ದ ಕೂಡಲೇ ನನಗೆ ಗುಡಿಯ ಮುಂದಿನ ತಟ್ಟೆ ಕಣ್ಣಿಗೆ ಬಂತು. ಅವನಿಗೆ ಬರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಲವೂ ನಾವು ಕೆಟ್ಟೇ ಕೂರುತ್ತಿದ್ದೆವು. “ಉಕ್ರೇನ್ನಾಗೆ ಈಗ ಎಲೆಕ್ಷನ್ನೇ ಇಲ್ವಲ್ಲ, ಎಲ್ಲೈತೆ ನಿನ್ ಡೆಮಾಕ್ರಸಿ?” ಎಂದು ಕೆಣಕುತ್ತಿದ್ದ. ಬಾಂಬು ಬೀಳುವಾಗ ಓಟು ನಡೆಸಬಾರದು ಎಂದು ಆ ದೇಶದ ಕಾನೂನಿದೆ, ನಿಮ್ಮೂರಿನಲ್ಲಿ ಯಾವ ಬಾಂಬು ಬಿದ್ದಿತ್ತು ಎಂದು ನಾನು ಕೇಳುತ್ತಿದ್ದೆ. ಅವನ ಹೆಂಡತಿ ಟಿವಿ ಆರಿಸಿಬಿಡುತ್ತಿದ್ದಳು.

ಆ ಏಕಗ್ರೀವವಾಗಿ ಐದು ವರ್ಷ ಕಳೆಯಿತು. ದಾಯಾದಿಯ ಹೆಂಡತಿ ಸಹಿ ಹಾಕಿದಳು, ಕುರ್ಚಿಯಲ್ಲಿ ಅವಳ ಗಂಡ ಕೂತ. ಚರಂಡಿ ಒಂದು ಗೇಣೂ ಕೆಳಗಿಳಿಯಲಿಲ್ಲ. ಈ ವರ್ಷ ಮತ್ತೆ ಪಂಚಾಯ್ತಿ ಚುನಾವಣೆಯ ಸುದ್ದಿ ಶುರುವಾಯಿತು. ನೋಟಿಫಿಕೇಶನ್ ಬರುವ ಮುಂಚೆಯೇ ತಮ್ಮ ಅವಳಿಗೆ ಹೇಳಿಕಳಿಸಿದ, ಕಲ್ಯಾಣದುರ್ಗಕ್ಕೆ ಬಂದು ಹೋಗು ಎಂದು. ಅವಳು ನನಗೆ ಫೋನ್ ಮಾಡಿದಳು. ನಾನು ಹಿಂದಿನ ದಿನವೇ ಹೋಗಿ ಕೂತೆ. ತಮ್ಮ ನನ್ನ ಬ್ಯಾಗ್ ನೋಡಿ, “ವಿಶ್ವಸಂಸ್ಥೆ ಬಂತು ನೋಡು” ಎಂದು ಹೆಂಡತಿಗೆ ಹೇಳಿದ.

ಬೆಳಗಿನ ಕುಂದುರ್ಪಿ ಬಸ್ಸಿಗೆ ಅವಳು ಬಂದಳು. ಮಿಲ್ಲಿನ ಪಕ್ಕದ ಪಡಸಾಲೆಯಲ್ಲಿ ಹಳ್ಳಿಯ ಹಿರಿಯರಿಬ್ಬರು ಆಗಲೇ ಕಾಲು ಚಾಚಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ರೆಡಿ.

ತಮ್ಮ ಮೆತ್ತಗೆ ಶುರುಮಾಡಿದ. “ಕೂತ್ಕ ಕಣಮ್ಮ. ಈ ಸಲಾನೂ ಏಕಗ್ರೀವಂ ಮಾಡನಾ ಅಂತ ಊರು ಅಂದ್ಕಂಡೈತೆ. ಈಗ ಇರೋ ನಮ್ ಕಡೆಯಾಕೇನೇ ಇರ್ಲಿ ಅಂತ.”

“ಹೋದ್ ಸಲ ‘ಮುಂದಿನ ಸಲ ನಿಂದೇ’ ಅಂದಿದ್ರಿ ಸಾವ್ಕಾರ್ರೆ.”

“ಅಂದಿದ್ದೆ. ಇಲ್ಲ ಅನ್ನಲ್ಲ. ಆವಾಗಿನ ಪರಿಸ್ಥಿತಿ ಬೇರೆ ಇತ್ತು.”

ನನಗೆ ತಡೆಯಲಾಗಲಿಲ್ಲ. “ಇದನ್ನೇ ಕಣೋ ಅವರೂ ಅಂದದ್ದು, ಮಾಸ್ಕೋದವರೂ, ಈ ಕಡೆಯವರೂ. ಇದೇ ಸೆಂಟೆನ್ಸ್.”

“ಅಕ್ಕ, ನಿನ್ ಮ್ಯಾಪು ಮಡಚಿ ಒಳಗಿಟ್ಕ. ಗುಡಿ ಮುಂದೆ ನಾವೇನ್ ಬೀಗತನ ಮಾಡಿದ್ವಾ, ಇಬ್ರೂ ತಾಂಬೂಲ ಬದಲಾಯಿಸ್ಕಂಡು ಕಟ್ಟುಬೀಳಾಕೆ?”

ಹಿರಿಯರು ಹೊಟ್ಟೆ ಕುಲುಕಿಸಿ ನಕ್ಕರು. ಅವಳ ಮುಖ ಕಪ್ಪಿಟ್ಟಿತು. ನಾನು ಡೆಮಾಕ್ರಸಿ, ಹಕ್ಕು, ಕಾನ್‌ಸ್ಟಿಟ್ಯೂಷನ್ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ಕಡೆಗೇ ತಿರುಗಿದಳು.

“ನೀವು ಸುಮ್ನಿರಿ ಮಿಸ್. ನೀವು ಸಂಜೆ ಬಸ್ಸಿಗೆ ಹಿಂದೂಪುರಕ್ಕೆ ಹೋಯ್ತೀರಿ. ನಾನು ಆ ಬೀದೀಲಿ ಬದುಕ್ಬೇಕು.”

ಮಿಸ್ ಎಂದು ಕರೆದವರ ಬಾಯಿಂದ ಅಷ್ಟು ಖಾರದ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಹಿರಿಯರಲ್ಲಿ ಒಬ್ಬರು ತೆಲುಗಿನಲ್ಲಿ, “ತೀಸ್ಕೋಮ್ಮಾ, ಪೊದ್ದು ಪೋತಾ ಉಂದಿ” ಎಂದು ಅವಸರ ಮಾಡಿದರು. ತಗೋಳಮ್ಮ, ಹೊತ್ತಾಗುತ್ತಿದೆ ಎಂದು. ಅವಳು ಎದ್ದು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ತಮ್ಮ ಗೆದ್ದವನ ಹಾಗೆ ಹಿಂದಕ್ಕೆ ಒರಗಿದ. ಅವಳು ಎಲೆಯನ್ನು ಸೆರಗಿಗೆ ಹಾಕಿಕೊಳ್ಳಲಿಲ್ಲ. ತಟ್ಟೆಯನ್ನು ತಿರುಗಿಸಿ ತಮ್ಮನ ಎದೆಯ ಮುಂದೆ ಹಿಡಿದಳು.

“ಈ ಸಲ ನೀವು ತಗಳಿ ಸಾವ್ಕಾರ್ರೆ. ‘ಮುಂದಿನ ಸಲ ನಿನಗೇ’ ಅಂತ ಹೇಳಿ ನನ್ನ ಕೈಯಿಂದ ತಗಳಿ. ನೀವು ತಗಂಡ್ರೆ ಈಗಲೂ ಬಿಟ್ಕೊಡ್ತೀನಿ.”

ಎರಡನೆಯ ಸಲವೂ ಬಿಟ್ಟುಕೊಡಲು ಅವಳು ಸಿದ್ಧಳಿದ್ದಳು. ಅವನು ಕೈ ಚಾಚಿದ್ದರೆ ಸಾಕಿತ್ತು. ಮಿಲ್ಲಿನ ಗದ್ದಲ ಗೋಡೆಯಾಚೆ ನಡೆದೇ ಇತ್ತು. ಅವನು ತಟ್ಟೆ ನೋಡಿದ, ಹಿರಿಯರನ್ನು ನೋಡಿದ, ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡ.

“ಏನಮ್ಮ ಇದು, ರಣವೀಳ್ಯ ಕೊಡಾಕೆ ಬಂದ್ಬುಟ್ಟಾ?”

“ತಗಳಾಕಿಲ್ಲ ಅಂದಂಗಾಯ್ತು.”

“ನಾವು ಕೊಡೋರು ಕಣಮ್ಮ. ತಗಳೋರಲ್ಲ.”

ಅವಳು ತಟ್ಟೆಯನ್ನು ಅವನ ಕಾಲ ಬುಡದಲ್ಲಿ ಇಟ್ಟಳು. “ಹಂಗಾರೆ ನಾನು ನಿಂತ್ಕಂತೀನಿ. ಓಟಾಗ್ಲಿ. ಸೋತ್ರೆ ಸೋತೆ ಅನ್ನೋದಾದ್ರೂ ಗೊತ್ತಾಯ್ತದೆ.”

ಆಗ ತಮ್ಮನ ಮೆತ್ತನೆ ಮಾತೆಲ್ಲ ಹೋಯಿತು. ಅವಳ ಗಂಡನಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸುವ ವ್ಯಾಪಾರಿ ತನ್ನ ಸ್ನೇಹಿತನೆಂದೂ, ಒಂದು ಫೋನಿಗೆ ಮಗ್ಗ ನಿಲ್ಲುತ್ತದೆಂದೂ ಹೇಳಿದ. ದನಿ ಏರಿಸಲಿಲ್ಲ, ಎಣ್ಣೆಯ ರೇಟು ಹೇಳುವಂತೆ ಹೇಳಿದ. ಅವಳು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೋದಳು. ನನಗೆ ಹೋಗ್ತೀನಿ ಎಂದೂ ಹೇಳಲಿಲ್ಲ.

ನಾನು ಬ್ಯಾಗ್ ತೆಗೆದುಕೊಂಡೆ. “ಆ ಫೋನ್ ಮಾಡಿದರೆ ಈ ಮನೆಯ ಹೊಸಿಲು ತುಳಿಯುವುದಿಲ್ಲ” ಎಂದೆ.

“ನೆರೆಯವರ ಜಗಳಕ್ಕೆ ಒಡಹುಟ್ಟಿದೋನ ಬಿಡ್ತೀಯಾ?”

“ನೆರೆಯವರು ಯಾರು, ನುಗ್ಗಿದವರು ಯಾರು, ಸ್ವಲ್ಪ ಯೋಚಿಸು.”

“ಹೋಗಕ್ಕ ಹೋಗು. ಬಸ್ ತಪ್ಪೋಯ್ತದೆ.”

ಅವನು ಫೋನ್ ಮಾಡಿದ. ಮಗ್ಗ ನಿಂತಿತು. ಅವಳ ಗಂಡ ಈಗ ರೊದ್ದಂ ಕಡೆಯ ಬೇರೊಬ್ಬ ವ್ಯಾಪಾರಿಯ ಹತ್ತಿರ ಕಡಿಮೆ ಕೂಲಿಗೆ ನೇಯುತ್ತಾನೆ. ಮೊದಲ ಕೆಲವು ವಾರ ಅದೂ ಇರಲಿಲ್ಲ. ಆಗ ಅವನು ಹೆಂಡತಿಯೊಂದಿಗೆ ಮಾತು ಬಿಟ್ಟಿದ್ದನಂತೆ. ನಾನು ಏನಾದರೂ ಕಳಿಸಲೇ ಎಂದು ಕೇಳಿದ್ದಕ್ಕೆ ಅವಳು ಫೋನ್ ಇಟ್ಟುಬಿಟ್ಟಳು. ಅವಳ ಸಿಟ್ಟಿಗೆ ನಾನು ಅರ್ಹಳೋ ಅಲ್ಲವೋ ಎಂದು ಲೆಕ್ಕ ಹಾಕುವುದನ್ನು ನಿಲ್ಲಿಸಿದ್ದೇನೆ. ತಮ್ಮನ ಮೇಲಿನ ನನ್ನ ಸಿಟ್ಟಿಗಂತೂ ಲೆಕ್ಕ ಬೇಕಾಗಿಲ್ಲ. ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ಅದೇ ಕಲ್ಯಾಣದುರ್ಗದ ಬೀದಿಗಳಲ್ಲಿ ತಿರುಗಿದ್ದೆ. ಅದು ನೆನಪಾದಾಗ ಸಿಟ್ಟು ಇಳಿಯಬೇಕು. ಏರುತ್ತದೆ.

ಮೊನ್ನೆ ಅವಳೇ ಫೋನ್ ಮಾಡಿದಳು. ಊರಿನಲ್ಲಿ ತಮ್ಮ ಬೇರೊಂದು ಕತೆ ಹರಡಿಸಿದ್ದಾನೆ: ಗುಡಿಯ ಮುಂದೆ ತಾಂಬೂಲ ತೆಗೆದುಕೊಂಡವಳು ಮಾತು ಮುರಿದಳು, ತಟ್ಟೆಯನ್ನು ಹಿರಿಯರ ಕಾಲ ಬಳಿ ಎಸೆದಳು, ಊರಿನ ಒಗ್ಗಟ್ಟು ಒಡೆದಳು. ನನಗೆ ಮೈ ಉರಿಯಿತು. ಗಡಿ ದಾಟಿ ನುಗ್ಗಿದ ಆ ರಷ್ಯಾದವನೂ ಇದೇ ಹೇಳುತ್ತಿದ್ದಾನೆ, ಮೋಸ ಆದದ್ದು ನನಗೆ ಎಂದು. ಸ್ವಲ್ಪ ಮೋಸ ಅವನಿಗೂ ಆಗಿರಬಹುದು. ಅದಕ್ಕೆ ಪಕ್ಕದ ಮನೆ ಸುಡುವ ಹಕ್ಕು ಯಾರು ಕೊಟ್ಟರು?

“ನೀನು ಏನಂದೆ ಅವರಿಗೆ?” ಎಂದು ಕೇಳಿದೆ.

“ಏನೂ ಅಂದಿಲ್ಲ ಮಿಸ್. ಓಟು ಕೇಳಾಕೆ ಮನೆಮನೆಗೆ ಹೋಯ್ತೀನಲ್ಲ. ಆವಾಗ ಒಬ್ಬೊಬ್ರಿಗೇ ಕೂತು ಹೇಳ್ತೀನಿ.”

“ಮೇಲಿನ ಬೀದಿಗೂ ಹೋಗ್ತೀಯಾ?”

“ಮೊದ್ಲು ಅಲ್ಲಿಗೇ.”